ನಮ್ಮ ಕಾಲಾನಂತರ ಮನೆ ಶಾಲೆಗೆ

ವಹೀದಾ: ಹಕೀಮ್ರು ಏನಂದ್ರು, ಖರೇ ಹೇಳ್ರಿ. ನನ್ನ ಮುಂದ ಮುಚ್ಚಿಡಬ್ಯಾಡ್ರಿ.

ನಾನು: ಯಾವ ಹಕೀಮ್ರು? ನಾ ಯಾರ ಕಡೇನೂ ಹೋಗಿಲ್ಲ.

ವಹೀದಾ: ಹಕೀಮ್ರಿಗೆ ತೋರಿಸದನ ಸಾಯೋ ಮಾತಾಡಾಕತ್ತೀರಿ ಅಂದ್ರ ಒಳಗ ಭಾಳ ಆಗ್ಯದ. ಎಲ್ಲಿ ನೋಯ್ತದ? ಎದ್ಯಾಗೇನು?

ನಾನು: ನನಗೇನೂ ಆಗಿಲ್ಲ ಮಾರಾಯ್ತಿ. ಗಟ್ಟಿಮುಟ್ಟ ಇದ್ದೀನಿ.

ವಹೀದಾ: ಗಟ್ಟಿ ಇದ್ದವರು ತುಂಬಿದ ಸಭಾದಾಗ ಎದ್ದು ನಿಂತು 'ಕಾಲಾನಂತರ' ಅಂತಾರೇನು? ಬಾಜೂಮನಿ ತಾಹೇರಾ ಕಣ್ಣೊರಸಕೋತ ಬಂದಿದ್ಲು. ನಿಮ್ಮ ಸಲುವಾಗಿ ಒಂದು ಬಟ್ಟಲ ಖೀರು ಕೊಟ್ಟು ಹೋಗ್ಯಾಳ.

ನಾನು: ಖೀರು ಎಲ್ಲದ?

ವಹೀದಾ: ಏನು ಬ್ಯಾನಿ ಅಂತ ಗೊತ್ತಾಗೋ ತನಕ ಸಿಹಿ ಕೊಡಂಗಿಲ್ಲ. ಮೊದಲ ಹೇಳ್ರಿ, ಎಲ್ಲಿ ನೋಯ್ತದ?

ನಿಜ ಹೇಳಬೇಕೆಂದರೆ ಆ ಗಳಿಗೆ ನನಗೆ ಹಿತವಾಗಿಯೇ ಇತ್ತು. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ಹೆಂಡತಿ ಎದೆಯ ಮೇಲೆ ಕೈಯಿಟ್ಟು 'ಎಲ್ಲಿ ನೋಯ್ತದ' ಎಂದು ಕೇಳುವುದು ಸಣ್ಣ ಮಾತಲ್ಲ. ಆಸೆಯಿಂದ ಒಂದೆರಡು ಸಲ ಕೆಮ್ಮಿಯೂ ನೋಡಿದೆ. ಕೆಮ್ಮು ಕೇಳಿದ್ದೇ ಅವಳು ಮೆಣಸಿನ ಕಷಾಯ ಕಾಸಲು ಎದ್ದಳು. ಆ ಕಷಾಯದ ರುಚಿ ನನಗೆ ಗೊತ್ತಿತ್ತು. ಹೆದರಿ ನಿಜ ಹೇಳಿಬಿಟ್ಟೆ.

ನಾನು: ಬ್ಯಾನಿಗೀನಿ ಏನಿಲ್ಲ, ಕೂಡು. ನಿನ್ನೆ ಸಾಲ್ಯಾಗ ಜಲ್ಸಾ ಇತ್ತಲ್ಲ, ಹಳೇ ವಿದ್ಯಾರ್ಥಿಗಳು ಏನರ ಕೊಟ್ಟು ಹೋಗ್ರಿ ಅಂತ ಹೊಸ ಹೆಡ್‌ಮಾಸ್ತರು ಕೇಳಿದ್ರು. ಒಬ್ಬಾಂವ ಗಡಿಯಾರ ಕೊಡ್ತೀನಿ ಅಂದ. ಒಬ್ಬಾಂವ ಎರಡು ಬೆಂಚು ಅಂದ. ನಾ ಎದ್ದು ನಿಂತು ಹೇಳಿದೆ, ನಮ್ಮ ಕಾಲಾನಂತರ ನಮ್ಮ ಮನಿ ಸಾಲಿಗೆ ಅಂತ.

ವಹೀದಾ: ಯಾವ ಮನಿ?

ನಾನು: ನಮಗ ಎಷ್ಟು ಮನಿ ಅದಾವ? ಇದೇ ಮನಿ.

ಎದೆಯ ಮೇಲಿದ್ದ ಕೈ ಸರಕ್ಕನೆ ಹಿಂದೆ ಹೋಯಿತು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನನ್ನ ಹೆಸರು ಗಯಾಸುದ್ದೀನ್. ಹುಟ್ಟಿದ್ದು ಹುಮನಾಬಾದಿನಲ್ಲಿ, ಓದಿದ್ದು ಮತ್ತು ಉಳಿದದ್ದು ಬಸವಕಲ್ಯಾಣದಲ್ಲಿ. ಈ ಜಗಳ ನಡೆದ ಸಾವಿರದ ಒಂಬೈನೂರ ಐವತ್ತರಲ್ಲಿ ಊರನ್ನು ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ತಹಸೀಲ ಕಚೇರಿಯಲ್ಲಿ ನಾನು ಪೇಶ್ಕಾರನಾಗಿದ್ದೆ. ಸಾಹೇಬರ ಮುಂದೆ ಕಾಗದ ಓದಿ, ಯಾವ ಹೊಲ ಯಾರದು, ಯಾವ ಮನೆ ಯಾರದು ಎಂದು ತಿಳಿಸಿ ಹೇಳುವ ಕೆಲಸ. ನಿಜಾಮರ ಸರ್ಕಾರ ಹೋಯಿತು. ಅದರ ಹಿಂದೆಯೇ ನಾನೂ ಪಿಂಚಣಿ ತೆಗೆದುಕೊಂಡು ಮನೆಗೆ ಬಂದೆ. ಮೊದಲು ಬೀದಿಗಿಳಿದರೆ ಸಾಲು ಸಲಾಮು ಬೀಳುತ್ತಿದ್ದವು. ಈಗ ನಾನೇ ಮೊದಲು ಸಲಾಮು ಮಾಡಿದರೂ ಕೆಲವರು ಯಾರಿರಬಹುದೆಂದು ನೋಡುತ್ತಾರೆ. ಜಲ್ಸಾದಲ್ಲಿ ನನಗೆ ಕೊಟ್ಟಿದ್ದು ಸಾಲಿನ ಕೊನೆಯ ಕುರ್ಚಿ, ಅದಕ್ಕೂ ಒಂದು ಕಾಲು ಗಿಡ್ಡ. 'ನಮ್ಮ ಮನಿ ಸಾಲಿಗೆ' ಎಂದದ್ದೇ ತಡ, ನನ್ನನ್ನು ನಡುವಿನ ಕುರ್ಚಿಗೆ ಕರೆದೊಯ್ದು ಚೆಂಡುಹೂವಿನ ಹಾರ ಹಾಕಿದರು. ಕುರ್ಚಿಗಾಗಿ ಮನೆ ಬಿಟ್ಟುಕೊಟ್ಟ ಜಾಣ ನಾನೊಬ್ಬನೇ ಇರಬೇಕು.

ವಹೀದಾ: 'ನಮ್ಮ ಕಾಲಾನಂತರ' ಅಂದ್ರಲ್ಲ, ಯಾರ್ಯಾರ ಕಾಲ?

ನಾನು: ನಂದು, ನಿಂದು. ಇಬ್ರದೂ.

ವಹೀದಾ: ನಿಮ್ಮ ಕಾಲ ನೀವು ಕೊಡ್ರಿ. ನನ್ನ ಕಾಲ ನನ್ನ ಕೇಳದನ ಹ್ಯಾಂಗ ಕೊಟ್ರಿ?

ನಾನು: ಮಕ್ಕಳಿಲ್ಲ ಮರಿ ಇಲ್ಲ. ಆಮ್ಯಾಲ ಗುಬ್ಬಿ ಗೂಡು ಕಟ್ಟೋ ಬದಲಿ ಹುಡುಗರು ಓದ್ಲಿ ಅಂದೆ. ತಪ್ಪೇನು?

ವಹೀದಾ: ಓದೋದು ತಪ್ಪಂದೇನು ನಾ? ಅಲ್ಲಿ ನನ್ನ ಹೆಸರು ಹೇಳಿದ್ರೋ ಇಲ್ಲೋ?

ನಾನು: ನಿನ್ನ ಹೆಸರು ಯಾಕ? ಅದು ಹಳೇ ವಿದ್ಯಾರ್ಥಿಗಳ ಜಲ್ಸಾ.

ವಹೀದಾ: ನಾನೂ ಅದೇ ಸಾಲಿಯಾಕಿ.

ನಾನು: (ನಕ್ಕು) ನೀ ಪರದಾದ ಹಿಂದ ಕುಂತಾಕಿ! ಹಾಜರ್ಯಾಗ ನಿನ್ನ ಹೆಸರೇ ಇರಲಿಲ್ಲ. ಹೆಸರಿಲ್ಲದಾಕಿ ವಿದ್ಯಾರ್ಥಿ ಹ್ಯಾಂಗಾಗ್ತಾಳ?

ನಗಬಾರದಿತ್ತು. ನಮ್ಮ ಕಾಲದಲ್ಲಿ ಶಾಲೆ ನಡೆಯುತ್ತಿದ್ದುದು ಪಾಠ ಹೇಳುತ್ತಿದ್ದ ಮೌಲ್ವಿ ಸಾಹೇಬರ ಮನೆಯ ಪಡಸಾಲೆಯಲ್ಲಿ. ವಹೀದಾ ಆ ಮೌಲ್ವಿಗಳ ಅಣ್ಣನ ಮಗಳು. ನಾವು ಹುಡುಗರು ಹೊರಗೆ ಚಾಪೆಯ ಮೇಲೆ, ಮನೆಯ ಹೆಣ್ಣುಮಕ್ಕಳು ಒಳಕೋಣೆಯಲ್ಲಿ, ನಡುವೆ ಬಿದಿರಿನ ಪರದೆ. ಪಾಠ ಎರಡೂ ಕಡೆಗೆ ಕೇಳುತ್ತಿತ್ತು, ಹಾಜರಿ ಮಾತ್ರ ನಮ್ಮ ಕಡೆ.

ನಮ್ಮ ಮನೆಯಲ್ಲಿ ಪ್ರೀತಿ ದಖನಿ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ವಹೀದಾಳ ತಾಯಿ ಹತ್ತಿರದ ರಾಜೇಶ್ವರ ಊರಿನವರು, ಆಕೆಯಿಂದ ಇವಳಿಗೆ ಬಂದ ಬೈಗುಳವೆಲ್ಲ ಅಚ್ಚ ಕನ್ನಡದವು. ಅದರಲ್ಲೊಂದು ಅವಳ ತುಟಿಯವರೆಗೆ ಬಂದಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಹೆಡ್‌ಮಾಸ್ತರ್ ಚನ್ನಬಸಪ್ಪ, ಕೈಯಲ್ಲಿ ಒಂದು ಸುತ್ತು ಹಗ್ಗ. ವಹೀದಾ ಸೆರಗೆಳೆದುಕೊಂಡು ಒಳಬಾಗಿಲಿನ ಪರದೆಯ ಹಿಂದೆ ಸರಿದಳು. ನಾನು ದಿವಾನಖಾನೆಯ ಗಾದಿಯ ಮೇಲೆ ಲೋಡಿಗೆ ಒರಗಿ, ಹುಕ್ಕಾದ ನಳಿಗೆ ಹಿಡಿದು, ದಾನಿಯಂತೆ ಕುಳಿತೆ.

ಚನ್ನಬಸಪ್ಪ: ನಮಸ್ಕಾರ್ರಿ ಸಾಹೇಬ್ರ. ತಬಿಯತ್ ಹ್ಯಾಂಗದರಿ?

ನಾನು: ಅಲ್ಲಾಹನ ದಯಾ, ಚೊಲೋ ಅದ.

ಚನ್ನಬಸಪ್ಪ: (ಮುಖ ಸ್ವಲ್ಪ ಇಳಿದು) ಹೌದ್ರೀ? ಚೊಲೋ ಆತು ಬಿಡ್ರಿ. ನಮಗೇನೂ ಅವಸರ ಇಲ್ಲ.

ನಾನು: ಯಾತರ ಅವಸರ?

ಚನ್ನಬಸಪ್ಪ: ಏನಿಲ್ಲರಿ, ಸುಮ್ಮನ ಅಂದೆ. ನಿದ್ದಿ ಹತ್ತತದರಿ?

ನಾನು: ಬಿದ್ದ ಕೂಡ್ಲೆ.

ಚನ್ನಬಸಪ್ಪ: ಊಟ?

ನಾನು: ಎರಡು ಹೊತ್ತೂ ಜ್ವಾಳದ ರೊಟ್ಟಿ ತಿಂದು ಅರಗಸ್ತೀನಿ.

ಚನ್ನಬಸಪ್ಪ: (ನಿಟ್ಟುಸಿರು ಬಿಟ್ಟು) ನಿಮ್ಮ ತಂದಿಯವರು ಎಷ್ಟು ವರ್ಷ ಬಾಳಿದ್ರಿ?

ನಾನು: ತೊಂಬತ್ತು ದಾಟಿದ್ರು. ಕಡೀತನಕ ಹುಮನಾಬಾದದಾಗ ತಾವೇ ಎಣ್ಣಿ ಗಾಣ ನಡಸ್ತಿದ್ರು.

ಮಾಸ್ತರು ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದರು. ಕಣ್ಣು ತೆರೆದಾಗ ಅವರ ಮುಖದಲ್ಲಿ ದೊಡ್ಡ ವೈರಾಗ್ಯವಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಗೋಡೆಯವರೆಗೆ ಹೋದರು. ನಾನೂ ಹಿಡಿದುಕೊಂಡೆ. ಸತ್ತ ಮೇಲೆ ಆಗುವ ಕೆಲಸದಲ್ಲಿ ಬದುಕಿರುವಾಗಲೇ ಕೈ ಜೋಡಿಸಿದ ಹಾಗಾಯಿತು.

ವಹೀದಾ: (ಪರದೆಯ ಹಿಂದಿನಿಂದ) ಅಳತಿ ಯಾಕ ಮಾಡಾಕತ್ತಾರ, ಮಾಸ್ತರ್ನ ಕೇಳ್ರಿ.

ನಾನು: ಮಾಸ್ತರ, ಅಳತಿ ಯಾಕಂತ ಕೇಳಾಕತ್ತಾಳ.

ಚನ್ನಬಸಪ್ಪ: ಅಕ್ಕಾರಿಗೆ ಹೇಳ್ರಿ, ಮುಂದಿಂದು ಒಂದು ಅಂದಾಜು ಇರಲಿ ಅಂತ. ಹೆಣ್ಣು ಹುಡುಗ್ಯಾರಿಗೆ ಸಾಲ್ಯಾಗ ಜಾಗಾನೇ ಇಲ್ಲರಿ. ಹುಮನಾಬಾದದಿಂದ ಗಂಗುಬಾಯಿ ಅನ್ನೋ ಟೀಚರ್ ಬರಾಕ ತಯಾರ ಅದಾರ. ಕೂಡಸೋದೆಲ್ಲಿ? ಹೆಸರು ಹಚ್ಚಾಕ ಬಂದ ಹುಡುಗ್ಯಾರನ್ನ ದಿನಾ ಬಾಗಲದಾಗಿಂದ ತಿರುಗಿ ಕಳಸಾಕತ್ತೀನಿ.

ನಾನು: ವಹೀದಾ, ಮಾಸ್ತರು ಹೇಳಾಕತ್ತಾರ...

ವಹೀದಾ: ನನಗ ಕಿವಿ ಅದಾವ, ಕೇಳಸ್ತು.

ಮೂವರೂ ಒಂದೇ ಮಾತನ್ನು ಕೇಳುವಷ್ಟು ಹತ್ತಿರವಿದ್ದೆವು. ಆದರೂ ಮರ್ಯಾದೆಯ ಪ್ರಕಾರ ಪ್ರತಿಯೊಂದು ಮಾತೂ ನನ್ನ ಬಾಯಿಂದಲೇ ಹಾದುಹೋಗಬೇಕಿತ್ತು. ಕಚೇರಿಯಲ್ಲಿ ಮಾಡಿದ ಕೆಲಸವೇ. ಸ್ವಲ್ಪ ಹಿಗ್ಗಿದೆ.

ವಹೀದಾ: ಮಾಸ್ತರಿಗೆ ಹೇಳ್ರಿ, ಈ ಮನಿ ಕೊಡಾಕ ಇವರ್ಯಾರು ಅಂತ.

ನಾನು: ಮಾಸ್ತರ, ಆಕೀದೂ ಒಪ್ಪಿಗಿ ಅದ ಅಂತಾಳ.

ಚನ್ನಬಸಪ್ಪ: (ಹಗ್ಗ ಕೆಳಗಿಟ್ಟು) ಹಂಗನ್ನಲಿಲ್ಲರಿ ಸಾಹೇಬ್ರ. ನನಗೂ ಕಿವಿ ಅದಾವ.

ನಾನು: ಏ, ಹೆಂಗಸರು ಸಿಟ್ಟಿನಾಗ ಏನರ ಅಂತಾರ. ವಹೀದಾ, ಇದು ನಮ್ಮ ಅಬ್ಬಾಜಾನ್ ಕೊಂಡ ಮನಿ. ಅವರ ಮಗ ನಾ. ನಾ ಕೊಡದ ಇನ್ನ್ಯಾರು ಕೊಡಬೇಕು?

ವಹೀದಾ: ನಿಕಾಹದ ದಿನ ಖಾಜಿಗಳು ಮೆಹರ್ ಏನು ಅಂತ ಕೇಳಿದಾಗ ನಿಮ್ಮ ಅಬ್ಬಾಜಾನ್ ಏನಂದ್ರು?

ನಾನು: ಏನೋ ಅಂದ್ರು. ಮಾರಿ ಮ್ಯಾಲ ಹೂವಿನ ಸೆಹರಾ ಇತ್ತು. ನನಗ ಏನೂ ಕಾಣ್ತಿದ್ದಿಲ್ಲ.

ವಹೀದಾ: ಕಣ್ಣಿಗೆ ಹೂವಿದ್ವು, ಕಿವಿಗೇನಾಗಿತ್ತು? 'ಕಲ್ಯಾಣಿಯೊಳಗಿನ ಮನಿ' ಅಂದ್ರು. ನೀವು 'ಕಬೂಲ್' ಅಂದ್ರಿ. ಒಮ್ಮೆ ಅಲ್ಲ, ಮೂರು ಸಲ.

ನಾನು: ನಾ ಕಬೂಲ್ ಅಂದದ್ದು ನಿನಗ!

ವಹೀದಾ: ನನಗೂ ಅಂದ್ರಿ, ನನ್ನ ಮೆಹರಿಗೂ ಅಂದ್ರಿ.

ಮೆಹರ್ ಎಂದರೆ ನಿಕಾಹದಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪುವ ಆಸ್ತಿ. ಒಪ್ಪಿದ ಮೇಲೆ ಅದು ಅವಳದೇ, ಗಂಡ ಅದನ್ನು ಮುಟ್ಟುವ ಹಾಗಿಲ್ಲ. ನಮ್ಮ ತಂದೆಯವರ ಮಾತು ಯಾವಾಗಲೂ ದೊಡ್ಡದು. ಹೆಣ್ಣಿನ ಕಡೆಯವರು ಕಲ್ಯಾಣಿಯ ಜನ, ಅವರ ಮುಂದೆ ಹುಮನಾಬಾದಿನ ಮಾನ ಉಳಿಯಲಿ ಎಂದು ಮೀಸೆ ತಿರುವಿ ಮನೆಯನ್ನೇ ಹೇಳಿಬಿಟ್ಟಿದ್ದರು. ಈಗ ಎಲ್ಲ ನೆನಪಾಯಿತು. ಊರ ಮನೆಗಳೆಲ್ಲ ಯಾರವು ಎಂದು ಕಚೇರಿಯಲ್ಲಿ ಗಂಟಲು ಹರಿದು ಓದುತ್ತಿದ್ದ ಪೇಶ್ಕಾರನಿಗೆ ತಾನು ಮಲಗುವ ಮನೆ ಯಾರದೆಂದು ಗೊತ್ತಿರಲಿಲ್ಲ. ತುಂಬಿದ ಸಭೆಯಲ್ಲಿ ಹೆಂಡತಿಯ ಮನೆಯನ್ನು ದಾನ ಮಾಡಿ ಹಾರ ಹಾಕಿಸಿಕೊಂಡು ಬಂದಿದ್ದೆ.

ನಾನು: ಹಂಗಿದ್ರ ಇಷ್ಟು ವರ್ಷ ಯಾಕ ಹೇಳಲಿಲ್ಲ?

ವಹೀದಾ: ಇಷ್ಟು ವರ್ಷ ನೀವು ಯಾರಿಗೂ ಕೊಟ್ಟಿದ್ದಿಲ್ಲ. ನಂದು ನಂದು ಅನ್ಕೋತ ವರ್ಷಾ ಸುಣ್ಣ ಹೊಡಸ್ತಿದ್ರಿ, ಮಳಿಗಾಲಕ್ಕ ಮಾಳಿಗಿ ಮ್ಯಾಲ ಮಣ್ಣು ಹಾಕಸ್ತಿದ್ರಿ. ಮಾಡಲಿ ಅಂತ ಸುಮ್ಮನಿದ್ದೆ.

ಚನ್ನಬಸಪ್ಪನವರು ಮೂಲೆಯಲ್ಲಿದ್ದ ಸ್ಟೂಲೊಂದನ್ನು ಎಳೆದು ಕುಳಿತರು. ಆಮೇಲೆ ಅದನ್ನು ಮೆಲ್ಲಗೆ ಪರದೆಯ ಕಡೆ ತಿರುಗಿಸಿದರು. ನನಗೆ ಈಗ ಅವರ ಬೆನ್ನು ಕಾಣುತ್ತಿತ್ತು.

ಚನ್ನಬಸಪ್ಪ: ಅಕ್ಕಾರ, ನಿಮ್ಮ ತಬಿಯತ್ ಹ್ಯಾಂಗದರಿ?

ನಾನು: ಮಾಸ್ತರ! ನಾ ಇಲ್ಲಿ ಇದ್ದೀನಿ.

ಚನ್ನಬಸಪ್ಪ: ಇರ್ರಿ ಸಾಹೇಬ್ರ, ಇರ್ರಿ. ಇನ್ನ ನೂರು ವರ್ಷ ಇರ್ರಿ. ಈಗೇನೂ ಅಡ್ಡಿ ಇಲ್ಲ.

ನನಗೆ ರೋಷ ಬಂತು. ಮನೆ ಹೋದರೂ ಕಾನೂನು ನನ್ನ ಕೈಯಲ್ಲಿದೆ ಎಂದು ತೋರಿಸಬೇಕಿತ್ತು.

ನಾನು: ಆಕೀಗೂ ಕೊಡಾಕ ಬರಂಗಿಲ್ಲ, ತಿಳ್ಕೊಳ್ರಿ. ನಮ್ಮ ಶರೀಯತ್ ಪ್ರಕಾರ ಸತ್ತಮ್ಯಾಲ ಹೊರಗಿನವರಿಗೆ ಸೇರಲಿ ಅಂತ ಹೇಳಿದ್ರ ಮೂರನೇ ಒಂದು ಪಾಲಷ್ಟೇ ಸೇರ್ತದ. ಪೂರಾ ಸೇರಂಗಿಲ್ಲ.

ಚನ್ನಬಸಪ್ಪ: ಮತ್ತ ನಿನ್ನೆ ನೀವು ಪೂರಾ ಮನಿ ಕೊಟ್ರಲ್ಲರಿ?

ನಾನು: ಅದು... ಜಲ್ಸಾದಾಗ ಅಂದದ್ದು.

ಚನ್ನಬಸಪ್ಪ: ಅಕ್ಕಾರ, ಮೂರನೇ ಪಾಲು ಅಂದ್ರ ಯಾವ ಕಡಿಂದರಿ? ಅಡಗಿಮನಿನೋ, ಹಿತ್ತಲೋ?

ವಹೀದಾ: ಮಾಸ್ತರಿಗೆ ಹೇಳ್ರಿ, ಸಾಯೋ ಮಾತು ಬಿಡ್ರಿ ಅಂತ. ನಾ ಸಾಯೋ ತನಕ ಆ ಹುಡುಗ್ಯಾರು ಬಾಗಲದಾಗ ನಿಂತಿರ್ತಾರೇನು? ಮುದುಕ್ಯಾರಾಗಿ ಹೋಗ್ತಾರ. ಜೀವಂತ ಇದ್ದಾಗ ಕೊಟ್ರ ಹ್ಯಾಂಗ?

ನಾನು: (ಗತ್ತಿನಿಂದ) ಜೀವಂತ ಇದ್ದಾಗ ಕೊಟ್ರ ಮೂರನೇ ಪಾಲಿನ ಲೆಕ್ಕ ಇಲ್ಲ. ಎಷ್ಟು ಬೇಕಾದ್ರೂ ಕೊಡಬಹುದು. ಆದ್ರ ಬರೇ ಬಾಯಿಲೆ ಕೊಟ್ಟೆ ಅಂದ್ರ ನಡ್ಯಂಗಿಲ್ಲ. ಕೊಟ್ಟ ಜಾಗಾ ಖಾಲಿ ಮಾಡಿ ಅವರ ಕೈಗೆ ಒಪ್ಪಿಸಬೇಕು. ಅಂದ್ರನ ಅದು ಪಕ್ಕಾ.

ಯಾರೂ ಕೇಳದಿದ್ದ ಆ ಕೊನೆಯ ಮಾತುಗಳನ್ನು ನಾನು ಯಾಕೆ ಹೇಳಿದೆನೋ! ಓದಿದವನ ನಾಲಿಗೆಗೆ ಸುಮ್ಮನಿರುವ ಅಭ್ಯಾಸವಿಲ್ಲ.

ವಹೀದಾ: ಹಂಗಿದ್ರ ಮಾಸ್ತರಿಗೆ ಹೇಳ್ರಿ, ದಿವಾನಖಾನಾ ಕೊಟ್ಟೀನಿ. ಹೆಣ್ಣು ಹುಡುಗ್ಯಾರ ವರ್ಗಕ್ಕ. ಇವತ್ತ. ಒಳಗಿನ ಮನಿ ನಮಗಿರಲಿ.

ನಾನು: ದಿವಾನಖಾನಾ? ಇದು? ನಾ ಕುಂತದ್ದು?

ವಹೀದಾ: ಅದೇ. ಏಳ್ರಿ. ಖಾಲಿ ಮಾಡಿ ಒಪ್ಪಿಸಬೇಕು ಅಂದ್ರಲ್ಲ.

ನಾನು: ನನ್ನ ಭೆಟ್ಟಿಗೆ ನಾಲ್ಕು ಮಂದಿ ಬರ್ತಾರ. ಅವರನ್ನ ಎಲ್ಲಿ ಕೂಡಸಲಿ?

ವಹೀದಾ: ಪಿಂಚಣಿ ಬಂದ ಮ್ಯಾಲ ಭೆಟ್ಟಿಗೆ ಬಂದೋರು ಇವತ್ತ ಮಾಸ್ತರೊಬ್ಬರೇ. ಅವರೂ ನೀವು ಯಾವಾಗ ಸಾಯ್ತೀರಿ ಅಂತ ಕೇಳಾಕ ಬಂದಾರ.

ಚನ್ನಬಸಪ್ಪ: ಅಯ್ಯೋ, ಹಂಗಲ್ಲರಿ ಅಕ್ಕಾರ!

ನಾನು: ಹುಕ್ಕಾ ಎಲ್ಲಿಡಲಿ?

ವಹೀದಾ: ಹಿತ್ತಲದಾಗ. ಕೋಳಿಗೂಡಿನ ಬಾಜೂ ಚೊಲೋ ನೆರಳದ.

ನಾನು ಎದ್ದೆ. ಒಂದು ಬಗಲಲ್ಲಿ ಲೋಡು, ಒಂದು ಕೈಯಲ್ಲಿ ಹುಕ್ಕಾ. ಮಾಸ್ತರು ನನ್ನ ಗಾದಿಯನ್ನು ತಾವೇ ಸುತ್ತಿ ಗೋಡೆಗೆ ಒರಗಿಸಿದರು. ಆ ಕೆಲಸದಲ್ಲಿ ಅವರಿಗಿದ್ದ ಉತ್ಸಾಹ ನನ್ನ ಮನಸ್ಸಿಗೆ ಬಹಳ ನಾಟಿತು.

ಚನ್ನಬಸಪ್ಪ: ಅಕ್ಕಾರ, ಬಾಗಲ ಮ್ಯಾಲ ಫರಶಿಕಲ್ಲಿನಾಗ ನಿಮ್ಮ ಹೆಸರು ಕೆತ್ತಸ್ತೀನಿ. ಏನಂತ ಕೆತ್ತಸಲಿ? 'ಮನೆ ಕೊಟ್ಟ ದಾನಿ' ಅಂತ?

ನಾನು: 'ಗಯಾಸುದ್ದೀನರ ಪತ್ನಿ' ಅಂತ ಒಂದು ಸಣ್ಣ ಅಕ್ಷರದಾಗ...

ವಹೀದಾ: ಕಲ್ಲು ಬ್ಯಾಡ.

ಚನ್ನಬಸಪ್ಪ: ಮತ್ತೇನು ಬೇಕ್ರಿ? ಏನ ಕೇಳಿದ್ರೂ ಮಾಡ್ತೀನಿ.

ಈ ಸಲ ಪರದೆಯ ಹಿಂದಿನಿಂದ ಬಂದ ದನಿ ಜಗಳದ ದನಿಯಲ್ಲ. ಅದು ನನಗೂ ಹೊಸದು.

ವಹೀದಾ: ನನ್ನ ಹೆಸರು ಒಮ್ಮೆ ಹಾಜರ್ಯಾಗ ಕೂಗ್ರಿ. ಅಷ್ಟೇ ಸಾಕು.

ಚನ್ನಬಸಪ್ಪ: ಹಾಜರ್ಯಾಗ್ರೀ?

ವಹೀದಾ: ಮೌಲ್ವಿಗಳು, ನಮ್ಮ ಚಿಚ್ಚಾ, ದಿನಾ ಮುಂಜಾನೆ ಹುಡುಗರ ಹೆಸರು ಕೂಗ್ತಿದ್ರು. ನಾ ಪರದಾದ ಹಿಂದ ಕುಂತು ಕೇಳ್ತಿದ್ದೆ. ಇವತ್ತರ ನನ್ನ ಹೆಸರು ಬರ್ತದೇನೋ ಅಂತ ಹಾಜಿರ್ ಅನ್ನಾಕ ಬಾಯಿ ತಯಾರ ಇಟ್ಟಿರ್ತಿದ್ದೆ. ಕಡೀ ಹೆಸರು ಮುಗೀತಿತ್ತು, ಪಾಠ ಸುರು ಆಗ್ತಿತ್ತು. ಪಾಠ ಎಲ್ಲಾ ಬಂದ್ವು ನನಗ. ಒಮ್ಮೆ ಹಾಜಿರ್ ಅನ್ನೋದು ಮಾತ್ರ ಬರಲಿಲ್ಲ.

ಆ ಪರದೆಯ ಈಚೆ ಕುಳಿತು ದಿನಾ ಹಾಜಿರ್ ಎಂದು ಒದರಿದವರಲ್ಲಿ ನಾನೂ ಒಬ್ಬ. ಆ ಮಾತಿಗೆ ಬೆಲೆಯಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಅವಳ ಮೇಲೆ ಬಹಳ ಪ್ರೀತಿ ಬಂತು. ಆದರೆ ಎರಡೂ ಕೈ ತುಂಬಿದ್ದರಿಂದ ತೋರಿಸಲು ಆಗಲಿಲ್ಲ.

ಚನ್ನಬಸಪ್ಪನವರು ಎದ್ದು ನಿಂತರು. ತಲೆಯ ರುಮಾಲು ಸರಿಮಾಡಿಕೊಂಡರು. ಎದುರಿಗೆ ಒಂದು ಮಗುವೂ ಇಲ್ಲದ ದಿವಾನಖಾನೆಯಲ್ಲಿ, ತುಂಬಿದ ವರ್ಗದ ಮುಂದೆ ನಿಂತವರ ಹಾಗೆ ಗಂಟಲು ಸರಿಪಡಿಸಿಕೊಂಡರು.

ಚನ್ನಬಸಪ್ಪ: ವಹೀದಾಬೇಗಂ!

ಪರದೆ ಸರಿಯಿತು. ವಹೀದಾ ಹೊಸ್ತಿಲು ದಾಟಿ ದಿವಾನಖಾನೆಯ ನಡುವೆ ಬಂದು, ತಲೆಯ ಸೆರಗು ಹಿಡಿದುಕೊಂಡು ನೆಟ್ಟಗೆ ನಿಂತಳು.

ವಹೀದಾ: ಹಾಜಿರ್!

ಆ ಕೂಗಿಗೆ ಪಕ್ಕದ ಮನೆಯ ತಾಹೇರಾ, ನನ್ನ ಕಾಲವೇ ಮುಗಿಯಿತೆಂದು ತಿಳಿದು, 'ಯಾ ಅಲ್ಲಾ' ಎಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಮಾಸ್ತರಿಗೆ ಹಾಜರಿ ಕೂಗುವ ಹುರುಪು ಹತ್ತಿತ್ತು. ಅಲ್ಲಿಗೇ ನಿಲ್ಲಿಸಲಿಲ್ಲ.

ಚನ್ನಬಸಪ್ಪ: ಗಯಾಸುದ್ದೀನ್!

ಹಿತ್ತಲಿನ ಬಾಗಿಲಲ್ಲಿ ಲೋಡು, ಹುಕ್ಕಾ ಸಮೇತ ನಿಂತಿದ್ದ ನಾನು ಹಳೆಯ ಅಭ್ಯಾಸದಿಂದ ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿಬಿಟ್ಟಳು.

ವಹೀದಾ: ಅವರು ಗೈರಹಾಜರ್ ಅಂತ ಬರಕೊಳ್ರಿ ಮಾಸ್ತರ. ಇದು ಹೆಣ್ಣು ಹುಡುಗ್ಯಾರ ವರ್ಗ.